ಮುಟ್ಟಿಸಿಕೊಳ್ಳುವವರ ಮಾತನ್ನು ಮೊದಲು ಕೇಳಬೇಕು

ಮಾನ್ಯ ಸಂಪಾದಕರೇ,

ಅಪ್ಪುಗೆಯಿಂದ ಒತ್ತಡ ಇಳಿಯುತ್ತದೆ, ಬೆನ್ನು ಸವರಿದರೆ ನೋವು ತಗ್ಗುತ್ತದೆ, ಆತ್ಮೀಯರ ಸ್ಪರ್ಶ ಔಷಧಕ್ಕೆ ಸಮಾನವಾದುದು ಎಂಬ ಅರ್ಥದ ಬರಹಗಳು ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಹೇಳುವ ಮುಖ್ಯ ಸಂಗತಿ ಸರಿಯಾದುದೇ. ಆದರೆ ಅಂಥ ಬರಹಗಳನ್ನು ಓದಿದವರು, ಕೆಲವೊಮ್ಮೆ ಬರೆದವರು ಕೂಡ, ಬಾಯಿಬಿಟ್ಟು ಹೇಳದೆಯೇ ಒಪ್ಪಿಕೊಂಡುಬಿಡುವ ಇನ್ನೊಂದು ಮಾತಿದೆ. ಮುಟ್ಟಲು, ಮುಟ್ಟಿಸಿಕೊಳ್ಳಲು ಹಿಂಜರಿಯದವರು ಪ್ರೀತಿವಂತರು, ಯಾರಾದರೂ ಹೆಗಲ ಮೇಲೆ ಕೈಯಿಟ್ಟ ಕೂಡಲೇ ಮೈ ಬಿಗಿಹಿಡಿಯುವವರು ಒಣ ಸ್ವಭಾವದವರು ಅಥವಾ ಮನಸ್ಸಿನಲ್ಲಿ ಏನೋ ಕೊರತೆಯುಳ್ಳವರು ಎಂಬುದೇ ಆ ಮಾತು. ಈ ತಪ್ಪು ತಿಳಿವಳಿಕೆಯಿಂದ ಅನೇಕರು ತಮ್ಮ ಮನೆಯವರ ನಡುವೆಯೇ ಅಪರಾಧಿಗಳಂತೆ ಬದುಕುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ನಾನು ವೃತ್ತಿಯಿಂದ ಫಿಸಿಯೋಥೆರಪಿಸ್ಟ್. ಅಪರಿಚಿತರ ಕುತ್ತಿಗೆ, ಬೆನ್ನು, ಮಂಡಿ, ಪಾದಗಳನ್ನು ಮುಟ್ಟುವುದೇ ನನ್ನ ಕೆಲಸ. ಒಂದೇ ಜಾಗದಲ್ಲಿ, ಒಂದೇ ಪ್ರಮಾಣದ ಒತ್ತಡದಿಂದ ಕೈಯಿಟ್ಟಾಗ ಒಬ್ಬರು ನಿಟ್ಟುಸಿರು ಬಿಟ್ಟು ಮೈ ಸಡಿಲಿಸುತ್ತಾರೆ, ಇನ್ನೊಬ್ಬರು ಉಸಿರು ಹಿಡಿದು ಸೆಟೆದುಕೊಳ್ಳುತ್ತಾರೆ, ಮತ್ತೊಬ್ಬರು ಏನೂ ಆಗಿಲ್ಲವೆಂಬಂತೆ ಮಾತು ಮುಂದುವರಿಸುತ್ತಾರೆ. ಅದಕ್ಕಿಂತ ಅಚ್ಚರಿಯ ಸಂಗತಿಯೆಂದರೆ, ಹೋದ ವಾರ ಸೆಟೆದುಕೊಂಡವರೇ ಈ ವಾರ ಸಡಿಲವಾಗಿರಬಹುದು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ನನ್ನ ಕಸುಬಿನ ಜೊತೆಗೇ ಬೆಳೆದುಬಂದಿದೆ. ಓದಿ ತಿಳಿದುದನ್ನೂ ಕೈಯಿಂದ ತಿಳಿದುದನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದಿಷ್ಟು. ಸ್ಪರ್ಶ ಹಿತವೆನ್ನಿಸಲು ಮುಟ್ಟುವ ಕೈ ಮೃದುವಾಗಿದ್ದರೆ ಸಾಲದು. ಯಾರು ಮುಟ್ಟುತ್ತಿದ್ದಾರೆ, ಯಾಕೆ ಮುಟ್ಟುತ್ತಿದ್ದಾರೆ ಎಂಬುದು ಮುಟ್ಟಿಸಿಕೊಳ್ಳುವವರಿಗೆ ತಿಳಿದಿರಬೇಕು. ಬೇಡವೆನ್ನಿಸಿದರೆ ಅದನ್ನು ನಿಲ್ಲಿಸಬಲ್ಲೆನೆಂಬ ಭರವಸೆ ಅವರಿಗಿರಬೇಕು.

ಮೊದಲು ಚರ್ಮದಿಂದಲೇ ಆರಂಭಿಸುತ್ತೇನೆ. ನಮ್ಮ ಚರ್ಮದಲ್ಲಿ ಸ್ಪರ್ಶದ ಸುದ್ದಿಯನ್ನು ಒಯ್ಯುವ ನರತಂತುಗಳು ಒಂದೇ ಬಗೆಯವಲ್ಲ. ಏನು ತಾಗಿತು, ಎಲ್ಲಿ ತಾಗಿತು, ನಯವೋ ಒರಟೋ ಎಂಬುದನ್ನು ತಿಳಿಸುವ ತಂತುಗಳು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಸಂದೇಶ ಮುಟ್ಟಿಸುತ್ತವೆ. ಇನ್ನೊಂದು ಬಗೆಯ ತಂತುಗಳಿವೆ. ಸಿ-ಟ್ಯಾಕ್ಟೈಲ್ ಎಂದು ಕರೆಯುವ ಇವುಗಳಲ್ಲಿ ಸಂದೇಶ ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ನಿಧಾನವಾಗಿ ಸಾಗುತ್ತದೆ. 1939ರಲ್ಲಿ ಸ್ವೀಡನ್ನಿನ ಇಂಗ್ವೆ ಜೊಟರ್‌ಮನ್ ಇಂಥ ತಂತುಗಳನ್ನು ಬೆಕ್ಕುಗಳಲ್ಲಿ ಗುರುತಿಸಿದರು. ಮನುಷ್ಯರಲ್ಲಿಯೂ ಅವು ಇವೆಯೆಂದು ಖಚಿತವಾಗಲು ಅಲ್ಲಿಂದ ದಶಕಗಳೇ ಬೇಕಾದವು. ರೋಮವಿರುವ ಚರ್ಮದಲ್ಲಿ ಇವು ಹೇರಳ, ಅಂಗೈಯಲ್ಲಿ ತೀರ ವಿರಳ. ಸೆಕೆಂಡಿಗೆ ಸುಮಾರು 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈಯಷ್ಟೇ ಬೆಚ್ಚಗಿರುವ ಕೈಯಿಂದ ಹಗುರವಾಗಿ ನೇವರಿಸಿದಾಗ ಇವು ಅತಿ ಹೆಚ್ಚು ಚುರುಕಾಗುತ್ತವೆ. ಅದೇ ವೇಗದ ನೇವರಿಕೆಯನ್ನೇ ಜನರು ಅತಿ ಹಿತಕರವೆಂದು ಹೇಳುತ್ತಾರೆಂಬುದನ್ನು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿಕೊಟ್ಟಿತು. ಮಗುವನ್ನೋ ಸಂಗಾತಿಯನ್ನೋ ಸವರುವಾಗ, ಯಾರೂ ಹೇಳಿಕೊಡದಿದ್ದರೂ, ನಮ್ಮ ಕೈ ತಾನಾಗಿ ಆ ವೇಗಕ್ಕೆ ಇಳಿಯುತ್ತದೆ ಎಂಬುದನ್ನು ಕೂಡ ಸಂಶೋಧಕರು ಅಳೆದು ನೋಡಿದ್ದಾರೆ. ಅಂದರೆ, ಅಕ್ಕರೆಯ ಸ್ಪರ್ಶವನ್ನು ಬರಮಾಡಿಕೊಳ್ಳುವ ಏರ್ಪಾಡೊಂದು ಹುಟ್ಟಿನಿಂದಲೇ ನಮ್ಮ ಮೈಯಲ್ಲಿದೆ.

ಇಲ್ಲಿಗೇ ನಿಲ್ಲಿಸಿದರೆ, ಎಲ್ಲರಿಗೂ ನಿಧಾನವಾದ ನೇವರಿಕೆ ಹಿತವಾಗಿರಲೇಬೇಕೆಂಬ ಭಾವನೆ ಬರುತ್ತದೆ. ವಾಸ್ತವ ಹಾಗಿಲ್ಲ, ಏಕೆಂದರೆ ಚರ್ಮದಿಂದ ಹೊರಟ ಸಂದೇಶ ಮಿದುಳನ್ನು ತಲುಪುವ ಹೊತ್ತಿಗೆ ಮಿದುಳು ಸುಮ್ಮನೆ ಕಾದು ಕುಳಿತಿರುವುದಿಲ್ಲ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲವೆಂಬುದು ಮಕ್ಕಳಿಗೂ ಗೊತ್ತು. ಅದಕ್ಕೆ ಕಾರಣವನ್ನು 1998ರಲ್ಲಿ ಲಂಡನ್ನಿನ ಸಾರಾ ಬ್ಲೇಕ್‌ಮೋರ್, ಡೇನಿಯಲ್ ವೋಲ್ಪರ್ಟ್ ಮತ್ತು ಕ್ರಿಸ್ ಫ್ರಿತ್ ವಿವರಿಸಿದರು. ನಮ್ಮ ಕೈ ಏನು ಮಾಡಲಿದೆಯೆಂಬುದನ್ನು ಮಿದುಳಿನ ಹಿಂಭಾಗದಲ್ಲಿರುವ ಅನುಮಸ್ತಿಷ್ಕ ಮುಂಚಿತವಾಗಿಯೇ ಊಹಿಸಿ, ಆ ಸಂವೇದನೆಯ ತೀವ್ರತೆಯನ್ನು ತಗ್ಗಿಸಿಬಿಡುತ್ತದೆ. ಬೇರೆಯವರ ಕೈಯ ಚಲನೆಯನ್ನು ಹಾಗೆ ಊಹಿಸಲಾಗದು, ಅದಕ್ಕೇ ಅದು ತೀವ್ರವಾಗಿ ತಟ್ಟುತ್ತದೆ. ಹಿಂದಿನಿಂದ ಬಂದು ಥಟ್ಟನೆ ಭುಜ ಹಿಡಿದರೆ ಎಷ್ಟು ಪ್ರೀತಿಯ ಕೈಯಾದರೂ ನಾವು ಬೆಚ್ಚಿಬೀಳುತ್ತೇವೆ. ಅದೇ ವ್ಯಕ್ತಿ ಎದುರಿನಿಂದ ಕೈಚಾಚಿಕೊಂಡು ಬಂದರೆ ಬೆಚ್ಚುವುದಿಲ್ಲ. ಬದಲಾದದ್ದು ಮುನ್ಸೂಚನೆ ಮಾತ್ರ.

2012ರಲ್ಲಿ ವಲೇರಿಯಾ ಗಜ್ಜೋಲಾ ಮತ್ತು ಸಂಗಡಿಗರು ನಡೆಸಿದ ಪ್ರಯೋಗವನ್ನು ನಾನು ಮರೆಯಲಾರೆ. ಸ್ತ್ರೀಯರತ್ತ ಆಕರ್ಷಣೆಯುಳ್ಳ ಪುರುಷರನ್ನು ಮಿದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಅವರ ಕಾಲನ್ನು ನೇವರಿಸಲಾಯಿತು. ನೇವರಿಸುತ್ತಿರುವುದು ಒಬ್ಬ ಮಹಿಳೆಯೆಂದು ಒಮ್ಮೆ, ಒಬ್ಬ ಪುರುಷನೆಂದು ಇನ್ನೊಮ್ಮೆ ಅವರಿಗೆ ವಿಡಿಯೋ ಮೂಲಕ ನಂಬಿಸಲಾಯಿತು. ನಿಜದಲ್ಲಿ ಎರಡು ಸಲವೂ ಮುಟ್ಟಿದ್ದು ಮಹಿಳೆಯ ಕೈಯೇ. ಆದರೂ ಪುರುಷ ಮುಟ್ಟುತ್ತಿದ್ದಾನೆಂದು ನಂಬಿದಾಗ ಅವರಿಗೆ ಆ ಸ್ಪರ್ಶ ಅಷ್ಟು ಹಿತವೆನ್ನಿಸಲಿಲ್ಲ. ಹಿತ ಅಹಿತಗಳ ಲೆಕ್ಕ ನಡೆಯುವುದು ಮಿದುಳಿನ ಆಳದ ಭಾವನಾ ಕೇಂದ್ರಗಳಲ್ಲಿ ಮಾತ್ರ ಎಂದು ಭಾವಿಸಿದ್ದವರಿಗೆ ಇನ್ನೂ ಒಂದು ಅಚ್ಚರಿ ಕಾದಿತ್ತು. ಸ್ಪರ್ಶದ ಸುದ್ದಿಯನ್ನು ಮೊದಲು ಬರೆದುಕೊಳ್ಳುವ ಪ್ರಾಥಮಿಕ ಸಂವೇದನಾ ಭಾಗದಲ್ಲಿಯೇ ಎರಡು ಸಂದರ್ಭಗಳ ಚಟುವಟಿಕೆ ಬೇರೆಬೇರೆಯಾಗಿತ್ತು. ಆದ್ದರಿಂದ 'ನಾನು ಮೆಲ್ಲಗೆ ಮುಟ್ಟಿದೆನಲ್ಲ, ಇದರಲ್ಲಿ ತಪ್ಪೇನಿದೆ' ಎಂದು ಕೇಳುವವರಿಗೆ ನನ್ನ ಉತ್ತರ ಸರಳ. ನೀವು ಮುಟ್ಟಿದ ಬಗೆ ನಿಮಗೆ ಗೊತ್ತು. ಅದು ಅವರಿಗೆ ತಲುಪಿದ ಬಗೆ ನಿಮಗೆ ಗೊತ್ತಿಲ್ಲ.

ಸಂಬಂಧದ ಪಾತ್ರ ಇನ್ನೂ ಸ್ಪಷ್ಟವಾದದ್ದು. ಜೇಮ್ಸ್ ಕೋನ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ವಿವಾಹಿತ ಮಹಿಳೆಯರು, ಇನ್ನೇನು ಸಣ್ಣ ವಿದ್ಯುತ್ ಆಘಾತ ತಗಲಬಹುದೆಂಬ ಆತಂಕದಲ್ಲಿ ಸ್ಕ್ಯಾನರ್‌ನೊಳಗೆ ಮಲಗಿದ್ದರು. ಯಾರ ಕೈಯನ್ನೂ ಹಿಡಿಯದಿದ್ದಾಗ ಮಿದುಳಿನ ಬೆದರಿಕೆಯ ಪ್ರತಿಕ್ರಿಯೆ ಹೆಚ್ಚಾಗಿತ್ತು, ಅಪರಿಚಿತರ ಕೈ ಹಿಡಿದಾಗ ಕೊಂಚ ತಗ್ಗಿತು, ಪತಿಯ ಕೈ ಹಿಡಿದಾಗ ಇನ್ನಷ್ಟು ತಗ್ಗಿತು. ದಾಂಪತ್ಯ ಎಷ್ಟು ನೆಮ್ಮದಿಯದಾಗಿತ್ತೋ ಅಷ್ಟು ಈ ಪರಿಣಾಮ ಗಾಢವಾಗಿತ್ತು. ಇದು ಚಿಕ್ಕ ಅಧ್ಯಯನ, ಇದೊಂದರ ಮೇಲೆ ದೊಡ್ಡ ಮಾತು ಕಟ್ಟಲಾಗದು. ಆದರೆ 2015ರಲ್ಲಿ ಐದು ಐರೋಪ್ಯ ದೇಶಗಳ 1,368 ಜನರಿಂದ ಮಾಹಿತಿ ಪಡೆದ ಇನ್ನೊಂದು ಅಧ್ಯಯನವೂ ಅದೇ ದಿಕ್ಕನ್ನು ತೋರಿಸುತ್ತದೆ. ಸಂಗಾತಿ, ತಾಯಿ, ಸೋದರ, ಗೆಳತಿ, ಪರಿಚಿತ, ಅಪರಿಚಿತ ಹೀಗೆ ಒಬ್ಬೊಬ್ಬರೂ ತಮ್ಮ ದೇಹದ ಯಾವ ಭಾಗವನ್ನು ಮುಟ್ಟಬಹುದೆಂದು ಚಿತ್ರದ ಮೇಲೆ ಬಣ್ಣ ಹಚ್ಚಿ ತೋರಿಸಲು ಅಲ್ಲಿ ಜನರನ್ನು ಕೇಳಲಾಗಿತ್ತು. ಭಾವನಾತ್ಮಕ ನಂಟು ಗಟ್ಟಿಯಾದಷ್ಟೂ ಬಣ್ಣ ತುಂಬಿದ ಜಾಗ ಹಿಗ್ಗಿತು. ವಾರಕ್ಕೆಷ್ಟು ಸಲ ಭೇಟಿಯಾಗುತ್ತೇವೆಂಬುದಕ್ಕಿಂತ ನಂಟಿನ ಬಲವೇ ಅದನ್ನು ಹೆಚ್ಚು ನಿರ್ಧರಿಸಿತ್ತು. ಪ್ರತಿಯೊಬ್ಬರ ಮೈಯ ಮೇಲೂ ಇಂಥದೊಂದು ಕಾಣದ ನಕಾಶೆ ಇದೆ, ಎದುರಿಗೆ ನಿಂತವರು ಯಾರೆಂಬುದನ್ನು ಅನುಸರಿಸಿ ಅದರ ಗಡಿಗಳು ಸರಿಯುತ್ತಿರುತ್ತವೆ.

ಬಾಲ್ಯದ ವಿಷಯಕ್ಕೆ ಬಂದರೆ, ಇಲ್ಲಿ ತಿಳಿವಳಿಕೆ ಬೆಳೆದ ದಾರಿಯೇ ನೋವಿನದು. 1928ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ ಮಕ್ಕಳನ್ನು ಅಪ್ಪಬೇಡಿ, ಮುದ್ದಿಸಬೇಡಿ, ಮಡಿಲಲ್ಲಿ ಕೂರಿಸಿಕೊಳ್ಳಬೇಡಿ, ಬೆಳಿಗ್ಗೆ ಎದ್ದಾಗ ಕೈಕುಲುಕಿದರೆ ಸಾಕು ಎಂದು ಹೆತ್ತವರಿಗೆ ಉಪದೇಶಿಸಿದರು. ವಿಜ್ಞಾನದ ಹೆಸರಿನಲ್ಲಿ ಬಂದ ಆ ಮಾತನ್ನು ಅಂದಿನ ಅನೇಕ ಹೆತ್ತವರು ಶ್ರದ್ಧೆಯಿಂದ ಪಾಲಿಸಿದರು. ಮಗುವಿಗೆ ಬೇಕಾದದ್ದು ಹಾಲು, ಶುಚಿತ್ವ ಮತ್ತು ಶಿಸ್ತು ಎಂಬ ಆ ನಂಬಿಕೆಗೆ ಪ್ರಬಲ ಪೆಟ್ಟು ಬಿದ್ದದ್ದು 1958ರ ಹೊತ್ತಿಗೆ, ಹ್ಯಾರಿ ಹಾರ್ಲೋ ಅವರ ಕೋತಿಮರಿಗಳ ಪ್ರಯೋಗಗಳಿಂದ. ಹಾಲು ಕೊಡುವ ತಂತಿಯ ಗೊಂಬೆಯನ್ನು ಬಿಟ್ಟು, ಹಾಲಿಲ್ಲದಿದ್ದರೂ ಮೆತ್ತನೆಯ ಬಟ್ಟೆ ಹೊದಿಸಿದ ಗೊಂಬೆಯನ್ನೇ ಆ ಮರಿಗಳು ದಿನದ ಬಹುಪಾಲು ಅಪ್ಪಿ ಹಿಡಿದಿದ್ದವು. ತಾಯಂದಿರಿಂದ ಬೇರ್ಪಡಿಸಿದ ಆ ಮರಿಗಳ ಸಂಕಟವನ್ನು ನೆನೆದರೆ ಆ ಪ್ರಯೋಗಗಳನ್ನು ಮೆಚ್ಚಿ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅವು ತಿಳಿಸಿದ ಸಂಗತಿಯನ್ನು ಅಲ್ಲಗಳೆಯಲಾಗದು.

ಅದೇ ಸತ್ಯವನ್ನು ಕರುಣೆಯ ದಾರಿಯಲ್ಲಿ ತಿಳಿದದ್ದು ಕೊಲಂಬಿಯಾದ ಬೊಗೋಟಾದಲ್ಲಿ. 1978ರಲ್ಲಿ ವೈದ್ಯ ಎಡ್ಗರ್ ರೇ, ಇನ್‌ಕ್ಯುಬೇಟರ್‌ಗಳ ಕೊರತೆಯ ನಡುವೆ, ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಿಯ ಬರಿಮೈಗೆ ಒರಗಿಸಿ ಕಟ್ಟುವ ಕ್ರಮವನ್ನು ಆರಂಭಿಸಿದರು. ಇಂದು ಜಗತ್ತೆಲ್ಲ ಅದನ್ನು ಕಾಂಗರೂ ಆರೈಕೆಯೆಂದು ಕರೆಯುತ್ತದೆ. ಘಾನಾ, ಭಾರತ, ಮಲಾವಿ, ನೈಜೀರಿಯಾ ಮತ್ತು ಟಾಂಜಾನಿಯಾಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ, ಒಂದು ಕಿಲೋಗ್ರಾಂನಿಂದ 1.8 ಕಿಲೋಗ್ರಾಂನೊಳಗಿನ ಕೂಸುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಕೊಟ್ಟಾಗ, ಅವು ಸ್ಥಿರಗೊಳ್ಳುವವರೆಗೆ ಕಾದು ಕೊಟ್ಟದ್ದಕ್ಕೆ ಹೋಲಿಸಿದರೆ, ಮೊದಲ 28 ದಿನಗಳ ಸಾವುಗಳು ಶೇ 25ರಷ್ಟು ಕಡಿಮೆಯಾದವು. ಜೀವ ಉಳಿಸುವಷ್ಟು ಬಲ ಸ್ಪರ್ಶಕ್ಕಿದೆ ಎಂಬುದರಲ್ಲಿ ನನಗೆ ಲವಲೇಶವೂ ಸಂಶಯವಿಲ್ಲ.

ಮೊದಲ ವರ್ಷಗಳಲ್ಲಿ ಸಿಕ್ಕ ಸ್ಪರ್ಶ ಮುಂದಿನ ಬದುಕಿನ ನಿರೀಕ್ಷೆಗಳನ್ನೂ ರೂಪಿಸುತ್ತದೆ. ಅತ್ತಾಗ ಎತ್ತಿಕೊಳ್ಳುವ, ಸಾಕೆನಿಸಿದಾಗ ಕೆಳಗಿಳಿಸುವ ಕೈಗಳಲ್ಲಿ ಬೆಳೆದ ಮಗು, ಇನ್ನೊಬ್ಬರ ಸಾಮೀಪ್ಯವೆಂದರೆ ಸಮಾಧಾನ ಎಂದು ಕಲಿಯುತ್ತದೆ. ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಅವರು 1978ರಲ್ಲಿ ಪ್ರಕಟಿಸಿದ ವಿವರಗಳ ಪ್ರಕಾರ, ಸ್ವಲ್ಪ ಹೊತ್ತು ಬಿಟ್ಟುಹೋಗಿದ್ದ ತಾಯಿ ಮರಳಿ ಬಂದಾಗಲೂ ಮುಖ ತಿರುಗಿಸಿ ದೂರವೇ ಉಳಿಯುತ್ತಿದ್ದ ಶಿಶುಗಳ ತಾಯಂದಿರಲ್ಲಿ ಮೈಗೆ ಮೈ ತಾಗುವುದರ ಬಗ್ಗೆ ಒಂದು ಅಸಹನೆ ಕಂಡುಬಂದಿತ್ತು. ಇದನ್ನು ಹೇಳುವಾಗ ನನಗೆ ಭಯವೂ ಆಗುತ್ತದೆ, ಏಕೆಂದರೆ ಇಂಥ ವಾಕ್ಯಗಳನ್ನು ಓದಿದವರು ಎಲ್ಲದಕ್ಕೂ ತಾಯಿಯೇ ಕಾರಣವೆಂದು ಬೆರಳು ತೋರಿಸಿಬಿಡುತ್ತಾರೆ. ಆ ತಾಯಂದಿರೂ ಒಂದು ಕಾಲಕ್ಕೆ ಯಾರದೋ ಕೈಯಲ್ಲಿ ಬೆಳೆದ ಮಕ್ಕಳೇ. ಅಲ್ಲದೆ, ಮಗುವಿನ ಸ್ವಭಾವವೂ ತಾಯಿಯ ನಡೆಯನ್ನು ತಿದ್ದುತ್ತದೆ. ಎತ್ತಿಕೊಂಡಾಗಲೆಲ್ಲ ಬಿಲ್ಲಿನಂತೆ ಬಾಗಿ ಅಳುವ ಕೂಸನ್ನು ಹಿಡಿದ ತಾಯಿ ಕ್ರಮೇಣ ಕಡಿಮೆ ಎತ್ತಿಕೊಳ್ಳತೊಡಗಿದರೆ ಅದು ಪ್ರೀತಿಯ ಅಭಾವವಲ್ಲ, ಮಗುವನ್ನು ಅರ್ಥಮಾಡಿಕೊಳ್ಳುವ ಪ್ರಯತ್ನವೂ ಆಗಿರಬಹುದು.

ಹುಟ್ಟಿನಿಂದಲೇ ಸ್ಪರ್ಶವನ್ನು ಬೇರೆ ತೀವ್ರತೆಯಲ್ಲಿ ಅನುಭವಿಸುವವರಿದ್ದಾರೆ ಎಂಬುದನ್ನು ನಾವು ಇನ್ನೂ ಸಾಕಷ್ಟು ಒಪ್ಪಿಕೊಂಡಿಲ್ಲ. ಆಟಿಸಂ ಇರುವ ಅನೇಕರಿಗೆ ಅಂಗಿಯ ಒಳಗಿನ ಚೀಟಿ ತಾಗುವುದೇ ಅಸಹನೀಯವಾಗಬಹುದು, ಹಗುರವಾದ ಸ್ಪರ್ಶ ಮುಳ್ಳಿನಂತೆ ಚುಚ್ಚಬಹುದು. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ 2013ರ ಆವೃತ್ತಿಯಲ್ಲಿ ಇಂಥ ಸಂವೇದನಾ ವ್ಯತ್ಯಾಸಗಳನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಲಾಯಿತು. ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರ ಉದಾಹರಣೆ ನನಗೆ ಬಹಳ ಮಹತ್ವದ್ದೆನಿಸುತ್ತದೆ. ಸ್ವತಃ ಆಟಿಸಂ ಉಳ್ಳ ಅವರಿಗೆ ಬಾಲ್ಯದಲ್ಲಿ ಅಪ್ಪುಗೆ ಬೇಕೆನಿಸುತ್ತಿತ್ತು, ಆದರೆ ಯಾರಾದರೂ ಅಪ್ಪಿಕೊಂಡ ಕೂಡಲೇ ಆ ಸಂವೇದನೆಯ ಪ್ರವಾಹ ಅಸಹನೀಯವಾಗುತ್ತಿತ್ತು. ದನಗಳನ್ನು ಲಸಿಕೆಗಾಗಿ ಹಿಡಿದಿಡುವ ಚೌಕಟ್ಟು ಅವುಗಳನ್ನು ಶಾಂತಗೊಳಿಸುವುದನ್ನು ಕಂಡು, ಹದಿನೆಂಟರ ವಯಸ್ಸಿನಲ್ಲಿ ಅವರು ತಮಗಾಗಿಯೇ ಅಂಥದೊಂದು ಒತ್ತುಯಂತ್ರವನ್ನು ರಚಿಸಿಕೊಂಡರು. ಅದರ ಒತ್ತಡವನ್ನು ಹೆಚ್ಚಿಸುವ, ತಗ್ಗಿಸುವ ಸನ್ನೆ ಅವರ ಕೈಯಲ್ಲೇ ಇತ್ತು. ಬೇಕಾದಷ್ಟು, ಬೇಕಾದಾಗ, ಬೇಕಾದ ಬಲದಲ್ಲಿ ಒತ್ತು ಸಿಕ್ಕಾಗ ಅವರ ಮೈ ಮನಸ್ಸುಗಳು ಸಮಾಧಾನಗೊಂಡವು. ದೂರ ಸರಿಯುವವರೆಲ್ಲ ಸ್ಪರ್ಶವನ್ನೇ ಬೇಡವೆನ್ನುತ್ತಿದ್ದಾರೆಂದು ತಿಳಿಯುವುದು ಎಂಥ ದೊಡ್ಡ ತಪ್ಪೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ತಿಳಿದಿಲ್ಲ.

ಕಾಯಿಲೆ ಮತ್ತು ದಣಿವು ಕೂಡ ಇದೇ ಗಡಿಗಳನ್ನು ಸರಿಸುತ್ತವೆ. ನರಗಳು ಘಾಸಿಗೊಂಡವರಲ್ಲಿ, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಕಾಯಿಲೆ ಇರುವವರಲ್ಲಿ, ಮೈಗ್ರೇನ್ ಕಾಡುವ ಹೊತ್ತಿನಲ್ಲಿ ಹಗುರವಾದ ಸ್ಪರ್ಶವೂ ನಿಜವಾದ ನೋವಾಗಿ ತಟ್ಟಬಹುದು. ಸ್ಪರ್ಶವನ್ನು ಗ್ರಹಿಸುವ ಪೀಜೋ-2 ಎಂಬ ಪ್ರೋಟೀನನ್ನು ಕಂಡುಹಿಡಿದವರಲ್ಲಿ ಪ್ರಮುಖರಾದ ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಉರಿಯೂತವಾದ ಚರ್ಮದಲ್ಲಿ ಮೆಲುಸ್ಪರ್ಶವೂ ನೋವಾಗುವುದರಲ್ಲಿ ಅದೇ ಪ್ರೋಟೀನಿನ ಪಾತ್ರವಿದೆಯೆಂದು ಆ ಶೋಧದ ನಂತರದ ಅಧ್ಯಯನಗಳು ತೋರಿಸಿವೆ. ರೋಗಿಯೊಬ್ಬರು 'ಮುಟ್ಟಿದರೆ ಉರಿಯುತ್ತದೆ' ಎಂದಾಗ ಅದನ್ನು ನಖರಾ ಎನ್ನುವವರು ಇದನ್ನು ತಿಳಿಯಬೇಕು. ಇನ್ನು, ದಿನವಿಡೀ ಕೂಸಿಗೆ ಹಾಲೂಡಿಸಿ, ಎತ್ತಿ, ತೂಗಿ ಸಾಕಾದ ತಾಯಿ ರಾತ್ರಿ ಗಂಡನ ಕೈ ತಾಗಿದರೂ ಸರಿದುಕೊಳ್ಳುವುದುಂಟು. ಅದನ್ನು ತಿರಸ್ಕಾರವೆಂದು ಎಣಿಸಿ ಮುನಿಸಿಕೊಳ್ಳುವ ಬದಲು, ಆ ದಿನದ ಮಟ್ಟಿಗೆ ಆಕೆಯ ಮೈಗೆ ಬೇಕಾದದ್ದು ಬಿಡುವು ಎಂದು ತಿಳಿದರೆ ಎಷ್ಟೋ ಜಗಳಗಳು ಹುಟ್ಟುವುದೇ ಇಲ್ಲ.

ಹಿಂದೆ ಬಲವಂತದ ಅಥವಾ ಹಿಂಸೆಯ ಸ್ಪರ್ಶಕ್ಕೆ ಗುರಿಯಾದವರ ಬಗ್ಗೆ ನಾನು ಹೆಚ್ಚು ಬರೆಯಬೇಕಾಗಿಲ್ಲ. ಮನಸ್ಸು ಕ್ಷೇಮವೆಂದು ಒಪ್ಪಿಕೊಂಡ ಮೇಲೂ ಮೈ ಒಪ್ಪಿಕೊಳ್ಳಲು ವರ್ಷಗಳು ಹಿಡಿಯಬಹುದು. ಆದರೆ ಚಿಕಿತ್ಸೆಯ ನೆನಪುಗಳೂ ಹಾಗೆಯೇ ಉಳಿಯುತ್ತವೆ ಎಂಬುದು ಕಡಿಮೆ ಜನರ ಗಮನಕ್ಕೆ ಬಂದಿದೆ. ಎಳವೆಯಲ್ಲಿ ಪದೇ ಪದೇ ಶಸ್ತ್ರಚಿಕಿತ್ಸೆ, ಚುಚ್ಚುಮದ್ದು, ಪಟ್ಟಿ ಬದಲಾವಣೆಗಳಿಗೆ ಒಳಗಾದವರು ದೊಡ್ಡವರಾದ ಮೇಲೂ ನನ್ನ ಮೇಜಿನ ಮೇಲೆ ಮಲಗುವಾಗ ಮುಷ್ಟಿ ಬಿಗಿಹಿಡಿದಿರುವುದನ್ನು ನಾನು ನೋಡಿದ್ದೇನೆ. ಅವರನ್ನು ಆಗ ಹಿಡಿದ ಕೈಗಳೆಲ್ಲ ಒಳ್ಳೆಯ ಉದ್ದೇಶದ ಕೈಗಳೇ ಆಗಿದ್ದವು. ಆದರೂ ಮಗುವಿಗೆ ಯಾರೂ ಏನನ್ನೂ ಹೇಳಿರಲಿಲ್ಲ, ನಿಲ್ಲಿಸೆಂದಾಗ ಯಾರೂ ನಿಲ್ಲಿಸಿರಲಿಲ್ಲ.

ಸಮಾಜಗಳ ನಡುವಿನ ವ್ಯತ್ಯಾಸದ ಬಗ್ಗೆ ಬಹಳ ಮಾತುಗಳು ಚಾಲ್ತಿಯಲ್ಲಿವೆ. 1960ರ ದಶಕದಲ್ಲಿ ಮನೋವಿಜ್ಞಾನಿ ಸಿಡ್ನಿ ಜೊರಾರ್ಡ್ ಕಾಫಿ ಅಂಗಡಿಗಳಲ್ಲಿ ಜೋಡಿಗಳು ಗಂಟೆಯೊಂದರಲ್ಲಿ ಎಷ್ಟು ಸಲ ಪರಸ್ಪರ ಮುಟ್ಟಿಕೊಳ್ಳುತ್ತಾರೆಂದು ಎಣಿಸಿದರು. ಪೋರ್ಟೊ ರಿಕೊದ ಸ್ಯಾನ್ ವಾನ್‌ನಲ್ಲಿ 180, ಪ್ಯಾರಿಸ್‌ನಲ್ಲಿ 110, ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ 2, ಲಂಡನ್‌ನಲ್ಲಿ ಸೊನ್ನೆ. ಈ ಅಂಕಿಗಳನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ, ನಾನಂತೂ ಅವುಗಳಿಗೆ ಅಷ್ಟು ಬೆಲೆ ಕೊಡಲಾರೆ. ಕೆಲವೇ ಮೇಜುಗಳ ಬಳಿ ಕುಳಿತು ಮಾಡಿದ ಎಣಿಕೆಯಿಂದ ಒಂದು ನಗರದ ಜನರ ಅಂತರಂಗವನ್ನು ಅಳೆಯಲಾಗದು. 2017ರಲ್ಲಿ ಪ್ರಕಟವಾದ, 42 ದೇಶಗಳ 8,943 ಜನರನ್ನು ಒಳಗೊಂಡ ಅಧ್ಯಯನ ಹೆಚ್ಚು ಭರವಸೆಯದು. ಇತರರಿಂದ ಎಷ್ಟು ದೂರದಲ್ಲಿ ನಿಲ್ಲಲು ಬಯಸುತ್ತೀರಿ ಎಂಬ ಪ್ರಶ್ನೆಗೆ ದೇಶದಿಂದ ದೇಶಕ್ಕೆ ಉತ್ತರ ಬದಲಾಯಿತು ನಿಜ, ಆದರೆ ವಯಸ್ಸು ಮತ್ತು ಲಿಂಗಗಳನ್ನು ಅನುಸರಿಸಿಯೂ ಬದಲಾಯಿತು. ಅಪರಿಚಿತರಿಂದ ಮಹಿಳೆಯರು ಪುರುಷರಿಗಿಂತ ಹೆಚ್ಚು ಅಂತರವನ್ನು ಬಯಸಿದರು. ಇಂಥ ದೇಶದವರು ಹೀಗೆಯೇ ಎಂದು ನಿರ್ಧರಿಸಿ ಒಬ್ಬ ವ್ಯಕ್ತಿಯ ಹೆಗಲಿಗೆ ಕೈಹಾಕುವುದು ಆ ವ್ಯಕ್ತಿಯನ್ನೇ ಕೇಳದಿದ್ದಂತೆ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಅಧಿಕಾರದ ಪ್ರಶ್ನೆ. ಯಾರು ಯಾರನ್ನು ಮುಟ್ಟಬಹುದೆಂಬುದರಲ್ಲಿ ಮೇಲು ಕೀಳಿನ ಲೆಕ್ಕ ಅಡಗಿದೆಯೆಂದು ಮನೋವಿಜ್ಞಾನಿ ನ್ಯಾನ್ಸಿ ಹೆನ್ಲಿ 1970ರ ದಶಕದಲ್ಲಿಯೇ ವಾದಿಸಿದ್ದರು. ಮೇಲಧಿಕಾರಿ ಕೆಲಸಗಾರನ ಬೆನ್ನು ತಟ್ಟಿದರೆ ಅದು ಸಹಜವೆನಿಸುತ್ತದೆ, ಕೆಲಸಗಾರ ಮೇಲಧಿಕಾರಿಯ ಬೆನ್ನು ತಟ್ಟಿದರೆ ಉದ್ಧಟತನವೆನಿಸುತ್ತದೆ. ಬೇಡವೆನ್ನಲು ಆಗದವರು ನಗುತ್ತಾರೆ, ಮತ್ತು ಆ ನಗುವನ್ನು ನಾವು ಒಪ್ಪಿಗೆಯೆಂದು ಓದಿಕೊಳ್ಳುತ್ತೇವೆ. ಬೇಡವೆಂದು ಹೇಳಲು ಅತಿ ಕಡಿಮೆ ಅವಕಾಶವಿರುವವರು ಮಕ್ಕಳು. ಬಂದವರಿಗೆ ಮುತ್ತು ಕೊಡು, ಅಪ್ಪಿಕೋ ಎಂದು ಹಿರಿಯರು ಒತ್ತಾಯಿಸುವಾಗ, ತನ್ನ ಮೈಯ ಮೇಲಿನ ನಿರ್ಧಾರ ತನ್ನದಲ್ಲ ಎಂಬ ಪಾಠವನ್ನು ಮಗು ಕಲಿಯುತ್ತದೆ. ಕೆಟ್ಟ ಸ್ಪರ್ಶವನ್ನು ಗುರುತಿಸಿ ಕೂಗಿ ಹೇಳು ಎಂದು ಅದೇ ಮಗುವಿಗೆ ಹೇಳಿಕೊಡುವವರೂ ನಾವೇ. ಈ ಎರಡು ಪಾಠಗಳು ಒಂದಕ್ಕೊಂದು ಹೊಂದುವುದಿಲ್ಲ. ಮಗು ಕೈಬೀಸಿ ಬೀಳ್ಕೊಟ್ಟರೆ ಬಂದವರ ಗೌರವಕ್ಕೆ ಕುಂದು ಬರುವುದಿಲ್ಲ.

ಅಂಗವಿಕಲರು ಪ್ರತಿದಿನ ಅನುಭವಿಸುವ ಸ್ಪರ್ಶದ ಅತಿಕ್ರಮಣವನ್ನೂ ಇಲ್ಲಿ ಹೇಳಬೇಕು. ಗಾಲಿಕುರ್ಚಿಯನ್ನು ಕೇಳದೆ ತಳ್ಳುವುದು, ಅಂಧರ ತೋಳನ್ನು ಏಕಾಏಕಿ ಹಿಡಿದು ಎಳೆದೊಯ್ಯುವುದು ಸಹಾಯವೆಂದೇ ನಡೆಯುತ್ತವೆ. ಅಂಧರಿಗೆ ದಾರಿ ತೋರಿಸುವ ಸರಿಯಾದ ಕ್ರಮವೆಂದರೆ, ಮೊದಲು ಮಾತನಾಡಿಸಿ, ಅವರೇ ನಮ್ಮ ಮೊಣಕೈಯ ಮೇಲ್ಭಾಗವನ್ನು ಹಿಡಿಯುವಂತೆ ತೋಳು ಒಡ್ಡುವುದು. ಆಗ ಹಿಡಿತವೂ ಅವರದೇ, ಬಿಡುವ ಸ್ವಾತಂತ್ರ್ಯವೂ ಅವರದೇ. ಗರ್ಭಿಣಿಯ ಹೊಟ್ಟೆಯನ್ನು ಪರಿಚಯವಿಲ್ಲದವರೂ ಮುಟ್ಟಿ ಹರಸುವುದು ಪ್ರೀತಿಯಿಂದಲೇ ಇರಬಹುದು, ಆದರೂ ಆಕೆಯನ್ನು ಮೊದಲು ಕೇಳಬೇಕು.

ಇಷ್ಟೆಲ್ಲ ಓದಿ, ಹಾಗಾದರೆ ಯಾರನ್ನೂ ಮುಟ್ಟದಿರುವುದೇ ಕ್ಷೇಮ ಎಂಬ ತೀರ್ಮಾನಕ್ಕೆ ಯಾರೂ ಬರಬಾರದು. 2024ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಸ್ಪರ್ಶದಿಂದ ನೋವು, ಆತಂಕ, ಖಿನ್ನತೆಗಳು ತಗ್ಗುತ್ತವೆಂದು ಕಂಡುಕೊಂಡಿತು. ಒಂದೇ ಸಲ ದೀರ್ಘವಾಗಿ ಸಿಗುವುದಕ್ಕಿಂತ ಮತ್ತೆ ಮತ್ತೆ ಸಿಗುವುದು ಮುಖ್ಯವೆಂದೂ ಅದು ಹೇಳಿತು. ನವಜಾತ ಶಿಶುಗಳಿಗೆ ಹೆತ್ತವರ ಕೈಯೇ ಹೆಚ್ಚು ಉಪಯುಕ್ತವಾಗಿತ್ತು. ಆದರೆ ವಯಸ್ಕರಲ್ಲಿ, ಮುಟ್ಟಿದವರು ಆತ್ಮೀಯರೋ ತರಬೇತಿ ಪಡೆದ ಅಪರಿಚಿತರೋ ಎಂಬುದರಿಂದ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಸಂಬಂಧವೇ ಮುಖ್ಯವೆಂದು ನಾನು ಮೇಲೆ ಬರೆದದ್ದಕ್ಕೆ ಇದು ವಿರುದ್ಧವಲ್ಲವೇ ಎಂದು ಓದುಗರು ಕೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಅಂಥ ಅಧ್ಯಯನಗಳಲ್ಲಿ ಪಾಲ್ಗೊಳ್ಳುವ ವಯಸ್ಕರು ಏನು ನಡೆಯಲಿದೆಯೆಂದು ಮೊದಲೇ ತಿಳಿದು, ಒಪ್ಪಿಗೆಗೆ ಸಹಿ ಹಾಕಿ, ಯಾವ ಕ್ಷಣದಲ್ಲಾದರೂ ಎದ್ದುಹೋಗಬಹುದೆಂಬ ಭರವಸೆಯೊಂದಿಗೆ ಬಂದು ಮಲಗಿದವರು. ಆತ್ಮೀಯತೆ ಕೊಡುವ ಅಭಯವನ್ನು ಅಲ್ಲಿ ಆ ಒಪ್ಪಿಗೆಯೇ ಕೊಟ್ಟಿರಬಹುದು ಎಂಬುದು ನನ್ನ ಊಹೆ, ಮತ್ತು ನನ್ನ ಕಸುಬಿನ ಅನುಭವ ಅದನ್ನು ಬೆಂಬಲಿಸುತ್ತದೆ. ನಾನೂ ಅಪರಿಚಿತಳೇ. ಆದರೆ ಎಲ್ಲಿ ಮುಟ್ಟುತ್ತೇನೆ, ಎಷ್ಟು ಹೊತ್ತು, ಯಾತಕ್ಕಾಗಿ ಎಂದು ಹೇಳಿ, ಸಾಕು ಎಂದ ಕೂಡಲೇ ಕೈ ತೆಗೆಯುತ್ತೇನೆಂದು ತಿಳಿಸಿದ ಮೇಲೆ, ಮೊದಲು ಸೆಟೆದುಕೊಂಡಿದ್ದ ಎಷ್ಟೋ ಜನರ ಬೆನ್ನು ತಾನಾಗಿ ಸಡಿಲಗೊಂಡಿದೆ. ಒಮ್ಮೆ ಸಾಕೆಂದು ಹೇಳಿ, ಕೈ ನಿಜವಾಗಿ ನಿಂತದ್ದನ್ನು ಕಂಡವರು ಮತ್ತೆ ಸಾಕೆನ್ನುವುದು ಅಪರೂಪ.

ಕೊನೆಯದಾಗಿ, ಅಕ್ಕರೆಯ ಸ್ಪರ್ಶ ಅತಿ ಕಡಿಮೆ ಸಿಗುವವರ ಬಗ್ಗೆ. ಸಂಗಾತಿಯನ್ನು ಕಳೆದುಕೊಂಡ ವೃದ್ಧರು, ಆರೈಕೆ ಗೃಹಗಳಲ್ಲಿರುವವರು, ಹಾಸಿಗೆ ಹಿಡಿದವರು ದಿನದಲ್ಲಿ ಹಲವು ಬಾರಿ ಮುಟ್ಟಿಸಿಕೊಳ್ಳುತ್ತಾರೆ. ಸ್ನಾನಕ್ಕೆ, ಬಟ್ಟೆ ಬದಲಿಸಲು, ರಕ್ತದೊತ್ತಡ ನೋಡಲು, ಮಗ್ಗುಲು ಹೊರಳಿಸಲು. ಕೆಲಸದ ಗಡಿಬಿಡಿಯಲ್ಲಿ ನಡೆಯುವ ಆ ಸ್ಪರ್ಶದಲ್ಲಿ ಅವರು ಮನುಷ್ಯರೆಂಬ ಗುರುತು ಅನೇಕ ವೇಳೆ ಇರುವುದಿಲ್ಲ. ಮರೆವಿನ ಕಾಯಿಲೆಯಿರುವವರು ಸ್ನಾನದ ಹೊತ್ತಿನಲ್ಲಿ ಹೊಡೆಯುತ್ತಾರೆ, ಪರಚುತ್ತಾರೆ ಎಂಬ ದೂರನ್ನು ಆರೈಕೆ ಮಾಡುವವರಿಂದ ಕೇಳುತ್ತೇನೆ. ಪರಿಚಯವಿಲ್ಲವೆಂದು ಅನ್ನಿಸುವ ವ್ಯಕ್ತಿಯೊಬ್ಬರು ಏನೂ ಹೇಳದೆ ಬಟ್ಟೆ ಬಿಚ್ಚತೊಡಗಿದರೆ ನಮ್ಮಲ್ಲಿ ಯಾರೇ ಆದರೂ ಕೈ ಎತ್ತುತ್ತೇವೆ. ಎದುರಿಗೆ ಬಂದು, ಕಣ್ಣಿಗೆ ಕಾಣುವಂತೆ ನಿಂತು, ಹೆಸರು ಹಿಡಿದು ಕರೆದು, ಮೊದಲು ಅಂಗೈಯನ್ನು ಒಡ್ಡಿ, ಅವರು ಅದರ ಮೇಲೆ ಕೈಯಿಡುವವರೆಗೆ ಕಾದು, ಪ್ರತಿ ಹೆಜ್ಜೆಯನ್ನೂ ಮಾತಿನಲ್ಲಿ ತಿಳಿಸುತ್ತ ಹೋದರೆ ಪ್ರತಿಭಟನೆ ಬಹಳಷ್ಟು ತಗ್ಗುತ್ತದೆ. ಮಾತು ಅರ್ಥವಾಗದ ಹಂತದಲ್ಲಿಯೂ ಹುಬ್ಬು, ಉಸಿರು, ಬೆರಳುಗಳು ಒಪ್ಪಿಗೆಯನ್ನೂ ನಿರಾಕರಣೆಯನ್ನೂ ತಿಳಿಸುತ್ತಿರುತ್ತವೆ. ಅವುಗಳನ್ನು ಗಮನಿಸಲು ಪ್ರತಿ ರೋಗಿಗೆ ಕೆಲವು ನಿಮಿಷ ಹೆಚ್ಚು ಬೇಕು. ಆ ನಿಮಿಷಗಳನ್ನು ಆರೈಕೆ ಮಾಡುವವರ ಕೆಲಸದ ವೇಳೆಯ ಲೆಕ್ಕದಲ್ಲಿಯೇ ಸೇರಿಸಬೇಕೆಂದು, ಅವರ ತರಬೇತಿಯಲ್ಲಿ ಮುಟ್ಟುವ ಮುನ್ನ ಕೇಳುವ ಕ್ರಮವನ್ನು ಒಂದು ಪಾಠವಾಗಿಯೇ ಇಡಬೇಕೆಂದು ಆಸ್ಪತ್ರೆಗಳನ್ನೂ ಆರೈಕೆ ಗೃಹಗಳನ್ನೂ ನಡೆಸುವವರಲ್ಲಿ ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಫಿಸಿಯೋಥೆರಪಿಸ್ಟ್